ಶ್ರುತಿ ಕೆಡದ ನಿಧಾನ

ಕಡೂರು ತಾಲ್ಲೂಕಿನಲ್ಲಿ ದೇವನೂರು ಎಂಬ ಊರಿದೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರೆಂದು ಅದಕ್ಕೆ ಹೆಸರು. ಅವನ ವಾರ್ಧಕ ಷಟ್ಪದಿಯನ್ನು ವಾಚಿಸುವ ಗಮಕಿಗಳು ಕರುಣರಸದ ಪದ್ಯವನ್ನು ಎಳೆದು ಹಾಡುತ್ತಾರೆ, ಯುದ್ಧದ ಪದ್ಯವನ್ನು ಓಡಿಸುತ್ತಾರೆ. ಶ್ರುತಿ ಮಾತ್ರ ಕದಲುವುದಿಲ್ಲ. ಕಾಲವೂ ಶ್ರುತಿಯೂ ಬೇರೆಬೇರೆ ಎಂಬುದು ಹಾಡುವವರಿಗೆ ಹೊಸ ಸಂಗತಿಯೇ ಅಲ್ಲ. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದ್ದು ಧ್ವನಿಮುದ್ರಣ ಯಂತ್ರ. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡಾಗ ನಿಮಿಷಕ್ಕೆ 78 ಸುತ್ತು ಎಂಬ ಕಟ್ಟುನಿಟ್ಟು ಇನ್ನೂ ಬಂದಿರಲಿಲ್ಲ. 72 ಸುತ್ತಿನಲ್ಲಿ ಮುದ್ರಿಸಿದ ಪ್ಲೇಟನ್ನು 78ರಲ್ಲಿ ತಿರುಗಿಸಿದರೆ ಮೂರು ನಿಮಿಷದ ಹಾಡು 166 ಸೆಕೆಂಡಿಗೇ ಮುಗಿಯುತ್ತದೆ, ಶ್ರುತಿಯೂ ಅರ್ಧ ಸ್ವರಕ್ಕಿಂತ ಹೆಚ್ಚು ಮೇಲೇರುತ್ತದೆ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯ ಕಾಲದ ಟೇಪುಗಳಿಗೂ ಇದೇ ಬಂಧನವಿತ್ತು. ಮರುವರ್ಷವೇ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲ್ಯಾನಗನ್ ಮತ್ತು ಗೋಲ್ಡನ್ ಫೇಸ್ ವೋಕೋಡರ್ ವಿಧಾನವನ್ನು ಪ್ರಕಟಿಸಿದರು. ಧ್ವನಿಯನ್ನು ಒಂದರ ಮೇಲೊಂದು ಹಾಯುವ ಚಿಕ್ಕ ತುಣುಕುಗಳಾಗಿ ಅಳೆದು, ಪ್ರತಿ ತುಣುಕಿನ ಕಂಪನಗಳನ್ನು ಲೆಕ್ಕಹಾಕಿ, ತುಣುಕುಗಳ ನಡುವಿನ ಅಂತರವನ್ನಷ್ಟೇ ಹಿಗ್ಗಿಸಿ ಮತ್ತೆ ಹೆಣೆದರೆ ಹಾಡು ನಿಧಾನವಾಗುತ್ತದೆ, ಶ್ರುತಿ ನಿಂತಲ್ಲೇ ನಿಲ್ಲುತ್ತದೆ. ಹಾಡುಗಾರರ ಬಳಿ ಮೊದಲಿನಿಂದಲೂ ಇದ್ದ ಸ್ವಾತಂತ್ರ್ಯವನ್ನು ಗಣಿತ ಹೀಗೆ ಮುದ್ರಿತ ಧ್ವನಿಗೆ ಮರಳಿಸಿತು ಎಂದೇ ನಾನು ಈ ಚರಿತ್ರೆಯನ್ನು ಓದುತ್ತೇನೆ.

ಇದು ಹಳೆಯ ದಾಖಲೆಯನ್ನು ತಿರುಚುವ ಕೆಲಸ ಎನ್ನುವವರಿದ್ದಾರೆ. ಆದರೆ ಸುತ್ತೇ ಖಚಿತವಿಲ್ಲದ ಪ್ಲೇಟನ್ನು 78ರಲ್ಲಿ ನುಡಿಸುವುದೂ ಒಂದು ತಿರುಚುವಿಕೆಯೇ. ಮೂಲ ಪ್ರತಿಯನ್ನು ಮುಟ್ಟದೆ ಕಾಪಾಡಿ, ತಿದ್ದಿದ ಪ್ರತಿಯ ಮೇಲೆ ಎಷ್ಟು ತಿದ್ದಿದೆ ಎಂದು ಬರೆದರೆ ಆ ದೂರು ಉಳಿಯದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ: ಗಮಕಿಗಳ ನಿಧಾನವೂ ಯಂತ್ರದ ನಿಧಾನವೂ ಒಂದಲ್ಲ. ಅವರು ಸ್ವರಾಕ್ಷರವನ್ನು ಎಳೆಯುತ್ತಾರೆ. ಟಕಾರ, ಪಕಾರಗಳ ಹೊಡೆತವನ್ನು ಯಾರೂ ಎಳೆಯರು. ಬರಿಯ ಲೆಕ್ಕಾಚಾರ ಎಲ್ಲವನ್ನೂ ಸಮನಾಗಿ ಹಿಗ್ಗಿಸುವುದರಿಂದ ಆ ಹೊಡೆತವೂ, ಮೃದಂಗದ ಚಾಪೂ ಕಲಸಿಹೋಗುತ್ತವೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ತಂತ್ರಜ್ಞರೂ ಒಪ್ಪಿಯೇ, ಹೊಡೆತದ ಕ್ಷಣಗಳನ್ನು ಗುರುತಿಸಿ ಹಿಗ್ಗಿಸದೆ ಬಿಡುವ ವಿಧಾನಗಳನ್ನು ಕಟ್ಟಿದರು. ಅಂದರೆ ಯಂತ್ರ ಗಮಕಿಗಳ ವಿವೇಕದ ಒಂದಂಶವನ್ನು ಕಲಿಯಬೇಕಾಯಿತು. ರಸವರಿತು ಎಲ್ಲಿ ನಿಲ್ಲಬೇಕೆಂಬುದನ್ನು ಈ ಲೆಕ್ಕ ಹೇಳಿಕೊಡುವುದಿಲ್ಲ. ಆದರೂ ಗುರು ದೂರವಿರುವ ಊರಿನ ವಿದ್ಯಾರ್ಥಿ, ಪ್ಲೇಟಿನಲ್ಲಿ ಮಿಂಚಿ ಮಾಯವಾಗುವ ಸಂಗತಿಯೊಂದನ್ನು ಅರ್ಧ ವೇಗಕ್ಕಿಳಿಸಿ, ತನ್ನ ತಂಬೂರಿಯನ್ನು ಮತ್ತೆ ಶ್ರುತಿ ಮಾಡದೆಯೇ, ಅದರ ಒಂದೊಂದು ಸ್ವರವನ್ನೂ ಜೊತೆಗೆ ಹಾಡಿ ಕಲಿಯಬಹುದು. 78ರ ಪ್ಲೇಟು ಕೇಳಿ ಕಲಿತ ತಲೆಮಾರಿಗೆ ಆ ಅನುಕೂಲವಿರಲಿಲ್ಲ.