ಮರಣ ದಾಖಲೆಗಳಲ್ಲಿ ಮನೆತನದ ಚರಿತ್ರೆ

ಕರ್ನಾಟಕದಲ್ಲಿ ಮನೆತನದ ಚರಿತ್ರೆ ಹುಡುಕುವವರಿಗೆ ಹುಟ್ಟಿನ ದಾಖಲೆಗಿಂತ ಸಾವಿನ ದಾಖಲೆಯೇ ಹಳೆಯದು, ಮಾಹಿತಿಯೂ ಅದರಲ್ಲೇ ಹೆಚ್ಚು. ಮಗು ಹುಟ್ಟಿತೆಂದು ಕಲ್ಲು ನಿಲ್ಲಿಸಿದವರು ವಿರಳ. ಸತ್ತವರಿಗಾಗಿ ವೀರಗಲ್ಲು, ಸತಿ ಹೋದವರ ಮಾಸ್ತಿಗಲ್ಲು, ವ್ರತದಿಂದ ದೇಹ ಬಿಟ್ಟ ಜೈನರ ನಿಸಿದಿಗಲ್ಲುಗಳನ್ನು ಊರೂರಿನಲ್ಲಿ ನೆಟ್ಟಿದ್ದಾರೆ. ಇಂಥ ದಾಖಲೆಗಳೆಲ್ಲ ಉಳಿದವರ ಅಗತ್ಯಕ್ಕಾಗಿ ಹುಟ್ಟಿದವು. ಒಮ್ಮೆ ಪುಣ್ಯಕ್ಕಾಗಿ, ಒಮ್ಮೆ ಶ್ರಾದ್ಧಕ್ಕಾಗಿ, ಇನ್ನೊಮ್ಮೆ ಜಮೀನಿಗಾಗಿ. ಯಾವ ಅಗತ್ಯಕ್ಕೆ ಬರೆದದ್ದೆಂದು ತಿಳಿದರೆ, ಅದರಲ್ಲಿ ಯಾರ ಹೆಸರು ಸಿಗುತ್ತದೆ, ಯಾರದು ಸಿಗುವುದಿಲ್ಲ ಎಂಬುದೂ ತಿಳಿಯುತ್ತದೆ.

ಶ್ರವಣಬೆಳಗೊಳದ ಚಂದ್ರಗಿರಿಯ ಒಂದು ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಅಗಲಿಕೆಯ ನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸವ್ರತ ಹಿಡಿದು ದೇಹ ಬಿಟ್ಟಳು. ಅವಳ ವ್ರತವನ್ನು ಹೊಗಳುವುದು ಶಾಸನದ ಉದ್ದೇಶ. ಆದರೆ ಹೊಗಳುವಾಗ ಅವಳ ತಂದೆ ಬಲದೇವ ದಂಡನಾಯಕ, ತಾಯಿ ಬಾಚಿಕಬ್ಬೆ ಎಂದು ತವರಿನ ಸಾಲನ್ನೂ ಅದು ಹೇಳುತ್ತದೆ. ಹೆಣ್ಣಿನ ಕಡೆಯ ವಂಶಾವಳಿ ಹೀಗೆ ಉಳಿದದ್ದು ಅವಳ ಸಾವಿನ ಕಾರಣದಿಂದ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ಶಾಸನವೂ ಅಂಥದ್ದೇ: ಬೆಂಕಿಗೆ ಬಿದ್ದ ದೇಕಬ್ಬೆಯ ತಂದೆ ರವಿಗ, ಗಂಡ ಏಚ ಇಬ್ಬರ ಹೆಸರನ್ನೂ ಅದು ಕಾಪಾಡಿದೆ.

ಕಲ್ಲು ನಿಲ್ಲಿಸುವ ಶಕ್ತಿಯಿಲ್ಲದ ಮನೆಗಳಲ್ಲಿ ನೆನಪೇ ದಾಖಲೆ. ಶ್ರಾದ್ಧದಲ್ಲಿ ಗೋತ್ರದೊಡನೆ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹೇಳಬೇಕಾಗಿರುವುದರಿಂದ ಆ ಹೆಸರುಗಳು ಬಾಯಿಂದ ಬಾಯಿಗೆ ಸಾಗಿ ಬಂದಿವೆ. ತಿಥಿಯೂ ನೆನಪಿರುತ್ತದೆ, ಇಸವಿ ಮರೆತಿರುತ್ತದೆ. 'ಕಾರ್ತಿಕ ಬಹುಳ ದ್ವಾದಶಿ' ಪ್ರತಿ ವರ್ಷವೂ ಬರುವುದರಿಂದ ಅದೊಂದರಿಂದಲೇ ಕಾಲ ಗೊತ್ತಾಗದು. ಸಂವತ್ಸರದ ಹೆಸರೂ ಸಿಕ್ಕರೆ ಅರವತ್ತು ವರ್ಷಕ್ಕೊಂದೇ ಸಾಧ್ಯತೆ ಉಳಿಯುತ್ತದೆ. ತಲೆಮಾರು ಎಣಿಸಿ ಸರಿಯಾದ ಆವರ್ತವನ್ನು ಆರಿಸಬಹುದು. ವಾರವೂ ತಿಳಿದಿದ್ದರೆ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕಗಳಿಗೆ ಹೋಲಿಸಿ ಫಲಿತಾಂಶವನ್ನು ಪರೀಕ್ಷಿಸಬಹುದು.

ರೈತ ಮನೆತನಗಳಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಪೌತಿ ಖಾತೆ. ಖಾತೆದಾರ ಸತ್ತಾಗ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು ವಂಶವೃಕ್ಷ ಸಲ್ಲಿಸಬೇಕು. ಬದಲಾವಣೆ ಮ್ಯುಟೇಶನ್ ರಿಜಿಸ್ಟರಿಗೆ ಏರುತ್ತದೆ. ಮಣ್ಣಿನ ಪ್ರಶ್ನೆಯಾದ್ದರಿಂದ ಅಣ್ಣತಮ್ಮಂದಿರನ್ನು ಯಾರೂ ಮರೆಯುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಹಾಗಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಅದಕ್ಕೂ ಹಿಂದಿನ ಪೌತಿ ಕಾಗದದಲ್ಲಿ ಮಗಳ ಹೆಸರಿಲ್ಲವೆಂದರೆ ಆ ಮನೆಯಲ್ಲಿ ಮಗಳೇ ಇರಲಿಲ್ಲವೆಂದು ತೀರ್ಮಾನಿಸುವುದು ಅನ್ಯಾಯವಾಗುತ್ತದೆ.

ಹಳ್ಳಿಯ ಜನನ ಮರಣದ ಲೆಕ್ಕವನ್ನು ಹಿಂದೆ ಪಟೇಲರು, ಶ್ಯಾನುಭೋಗರು ಬರೆಯುತ್ತಿದ್ದರು. ಇಂದಿನ ಕರ್ನಾಟಕ 1956ರಲ್ಲಿ ಹಲವು ಆಡಳಿತಗಳ ತುಂಡುಗಳು ಸೇರಿ ಆದದ್ದರಿಂದ ಹಳೆಯ ಕಾಗದಗಳ ಭಾಷೆ, ಲಿಪಿ ಒಂದೇ ಅಲ್ಲ: ಮುಂಬಯಿ ಪ್ರಾಂತದ ಜಿಲ್ಲೆಗಳಲ್ಲಿ ಮೋಡಿ ಲಿಪಿ, ನಿಜಾಮರ ಸೀಮೆಯಲ್ಲಿ ಉರ್ದು ಎದುರಾಗುತ್ತವೆ. ಕರಾವಳಿಯ ಕ್ರೈಸ್ತ ಮನೆತನಗಳಿಗೆ ಇಗರ್ಜಿಯ ಮರಣ ಪುಸ್ತಕವಿದೆ.

ದೇಶಕ್ಕೆಲ್ಲ ಒಂದೇ ಕ್ರಮ ಬಂದದ್ದು 1969ರ ಜನನ ಮರಣ ನೋಂದಣಿ ಕಾಯಿದೆಯಿಂದ. ಸಾವನ್ನು 21 ದಿನಗಳೊಳಗೆ ವರದಿ ಮಾಡಬೇಕು. ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ರಿಜಿಸ್ಟರ್ ಹುಡುಕಿಸಿ ನಕಲು ಕೇಳಬಹುದು; ಸಾವಿನ ಕಾರಣವನ್ನು ಮಾತ್ರ ನಕಲಿನಲ್ಲಿ ಕೊಡುವಂತಿಲ್ಲ. ವಯಸ್ಸಿನ ಕಾಲಮನ್ನು ನಂಬುವ ಮುನ್ನ ಯೋಚಿಸಬೇಕು. ಅಜ್ಜಿಯ ವಯಸ್ಸನ್ನು ದುಃಖದಲ್ಲಿರುವ ಮೊಮ್ಮಗ ಅಂದಾಜಿನಿಂದ 'ಎಂಬತ್ತು' ಎಂದು ಹೇಳಿರಬಹುದು.

ಪತ್ರಿಕೆಯ ನಿಧನ ವಾರ್ತೆ ಸರ್ಕಾರಿ ರಿಜಿಸ್ಟರಿಗಿಂತ ಉದಾರ. ಪತ್ನಿ, ಮಕ್ಕಳು, ಅಳಿಯಂದಿರು, ಅವರಿರುವ ಊರುಗಳು, ಕೆಲವೊಮ್ಮೆ ಭಾವಚಿತ್ರ ಎಲ್ಲವೂ ಅಲ್ಲಿರುತ್ತವೆ. ವೈಕುಂಠ ಸಮಾರಾಧನೆ, ಶಿವಗಣಾರಾಧನೆ ಎಂಬ ಪದಗಳಿಂದ ಮನೆಯ ಸಂಪ್ರದಾಯ ತಿಳಿಯುತ್ತದೆ. ಹಳೆ ಮೈಸೂರು ಕಡೆಯ ಹೆಸರುಗಳಲ್ಲಿ ಮೊದಲ ಇನಿಷಿಯಲ್ ಬಹುಮಟ್ಟಿಗೆ ಮೂಲ ಊರಿನದು, ಎರಡನೆಯದು ತಂದೆಯದು; ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರೇ ದಾರಿ ತೋರಿಸುತ್ತದೆ. 1970ರಲ್ಲಿ ಮಣಿಪಾಲದಿಂದ ಆರಂಭವಾದ ಉದಯವಾಣಿಯಂಥ ಕರಾವಳಿಯ ಪತ್ರಿಕೆಗಳಲ್ಲಿ ಮುಂಬಯಿಯಲ್ಲಿ ತೀರಿಕೊಂಡವರ ಸುದ್ದಿಯೂ ಬರುತ್ತದೆ, ವಲಸೆಯ ಜಾಡು ಹಿಡಿಯಲು ಅದು ಬಹಳ ನೆರವಾಗುತ್ತದೆ. ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ (ಕುಲದ ಹೆಸರು) ತಾಯಿಯಿಂದ ಬರುವುದರಿಂದ ತಂದೆಯ ಹೆಸರಿಗಿಂತ ಗುತ್ತಿನ (ಹಿರಿಮನೆಯ) ಹೆಸರನ್ನು ಮೊದಲು ಗುರುತಿಸಿಕೊಳ್ಳಬೇಕು. ವಾರ್ತೆಯಲ್ಲಿ 'ನಿನ್ನೆ' ಎಂದಿದ್ದರೆ ಸಂಚಿಕೆಯ ತಾರೀಖಿನಿಂದ ದಿನ ಕಳೆದು ರಿಜಿಸ್ಟರಿನ ತಾರೀಖಿಗೆ ಹೋಲಿಸುವುದು, ಎರಡೂ ಬೇರೆಯಾದರೆ ಮನೆಯವರು ಆಚರಿಸುವ ತಿಥಿಯನ್ನು ಆ ವರ್ಷದ ಪಂಚಾಂಗದಲ್ಲಿ ನೋಡುವುದು ಅಭ್ಯಾಸವಾಗಿರಬೇಕು.