ಆತತಾಯಿಯೂ ಆತ್ಮರಕ್ಷಣೆಯೂ

ಕಾಳಗಿ, ಸೇಡಂ, ಶಹಾಬಾದ್ ಸೀಮೆಯು ಶಿಲ್ಪಕ್ಕೆಂತೋ ಶಾಸ್ತ್ರಕ್ಕೂ ಅಂತೆಯೇ ಹೆಸರಾದುದು. ಕಾಳಗಿಯಲ್ಲಿ ಕಲ್ಯಾಣ ಚಾಳುಕ್ಯರ ಕಾಲದ ದೇಗುಲಗಳಿವೆ. ಶಹಾಬಾದಿಗೆ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ಈತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ದಾಯವಿಭಾಗಕ್ಕಾಗಿ ಖ್ಯಾತವಾಗಿದೆ. ಪ್ರಾಣರಕ್ಷಣೆಗಾಗಿ ಕೊಲ್ಲಬಹುದೇ ಎಂಬ ಪ್ರಶ್ನೆಯನ್ನೂ ಅದು ವಿಚಾರಿಸಿರುವುದು ಗಮನಾರ್ಹ.

ಬೆಂಕಿಯಿಡುವವನು, ವಿಷವಿಕ್ಕುವವನು, ಶಸ್ತ್ರಪಾಣಿಯಾಗಿ ಬರುವವನು, ಧನವನ್ನು, ಭೂಮಿಯನ್ನು, ಪತ್ನಿಯನ್ನು ಅಪಹರಿಸುವವರು, ಈ 6 ಬಗೆಯವರು ಶಾಸ್ತ್ರದಲ್ಲಿ ಆತತಾಯಿಗಳು. ಇಂಥವನು ಯಾರೇ ಆಗಿರಲಿ ಕೊಲ್ಲಬಹುದೆಂಬ ಸ್ಮೃತಿವಾಕ್ಯವನ್ನು ವಿಜ್ಞಾನೇಶ್ವರನು ಅಕ್ಷರಶಃ ಸ್ವೀಕರಿಸಲಿಲ್ಲ. ಕೊಲ್ಲುವ ಸಂಕಲ್ಪವಿಲ್ಲದೆ, ಆತ್ಮರಕ್ಷಣೆಗಾಗಿ ತಡೆಯುವಾಗ ಬ್ರಾಹ್ಮಣಾದಿ ಆತತಾಯಿಯು ಅಕಸ್ಮಾತ್ತಾಗಿ ಮಡಿದರೆ ಲಘು ಪ್ರಾಯಶ್ಚಿತ್ತವುಂಟು, ರಾಜದಂಡವಿಲ್ಲವೆಂಬುದು ಆತನ ನಿರ್ಣಯ. ಸಂಕಲ್ಪವನ್ನು ತೂಗಿದ್ದು ಈ ವಿಚಾರದ ಹಿರಿಮೆ. ವರ್ಣವನ್ನೂ ತೂಗಿದ್ದು ಅದರ ಮಿತಿ.

ಮುಂದಿನ ತಲೆಮಾರುಗಳಲ್ಲಿ ಅದೇ ಕಲ್ಯಾಣದಲ್ಲಿ ಶರಣರು ವರ್ಣದ ಆ ತಕ್ಕಡಿಯನ್ನೇ ಬದಿಗಿಟ್ಟರು. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾದ ಮೇಲೆ ಜಗದೇವ, ಮೊಲ್ಲೆಬೊಮ್ಮಯ್ಯರು ಬಿಜ್ಜಳನನ್ನು ಕೊಂದರೆಂದು ಪುರಾಣಗಳು ಹೇಳುತ್ತವೆ. ಉಳವಿಯತ್ತ ಹೊರಟ ಶರಣರನ್ನು ಬೆನ್ನಟ್ಟಿದ ಸೈನ್ಯವನ್ನು ಮಡಿವಾಳ ಮಾಚಯ್ಯನು ತಡೆದನೆಂಬುದೂ ಪರಂಪರೆಯ ಮಾತು. ಎರಡೂ ಕಡೆ ಶಸ್ತ್ರವಿದೆ. ಆದರೆ ಮೊದಲನೆಯದು ಕಳೆದ ಅನ್ಯಾಯಕ್ಕೆ ಪ್ರತೀಕಾರ, ಎರಡನೆಯದು ಎದುರಿಗಿರುವ ಅಪಾಯದಿಂದ ರಕ್ಷಣೆ.

ಕಾನೂನು ಗುರುತಿಸುವುದೂ ಇದೇ ಭೇದವನ್ನು. 1860ರ ಭಾರತ ದಂಡಸಂಹಿತೆಯ 96ರಿಂದ 106ರವರೆಗಿನ ಕಲಮುಗಳು 1951ರಲ್ಲಿ ಹೈದರಾಬಾದ್ ರಾಜ್ಯಕ್ಕೂ ಅನ್ವಯವಾದವು. 2024ರ ಜುಲೈ 1ರಿಂದ ಆ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ಕಲಮುಗಳು ಜಾರಿಯಲ್ಲಿವೆ. ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಸಕಾರಣ ಭೀತಿಯುಂಟಾದಾಗ, ಅತ್ಯಾಚಾರ, ಅಪಹರಣಾದಿ ಯತ್ನಗಳಲ್ಲಿ, ಮರಣಾಂತಿಕ ಪ್ರತಿರೋಧಕ್ಕೆ ಅವಕಾಶವಿದೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಸಲ್ಲದು. ಸರಕಾರದ ನೆರವು ಪಡೆಯಲು ಕಾಲಾವಕಾಶವಿದ್ದರೆ ಹಕ್ಕಿಲ್ಲ. ಭೀತಿ ತೀರಿದೊಡನೆ ದೇಹರಕ್ಷಣೆಯ ಹಕ್ಕೂ ತೀರುತ್ತದೆ.

ಈ ಗೆರೆಯ ಬೆಲೆಯನ್ನು ಈ ನಾಡು 1948ರಲ್ಲಿ ಕಂಡಿದೆ. ರಜಾಕಾರರ ದಾಳಿಯೆದುರು ಊರು ಕಾಯ್ದವರದು ರಕ್ಷಣೆ. ಸಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಶರಣಾದ ಬಳಿಕ ಕಲಬುರ್ಗಿ, ಬೀದರ ಜಿಲ್ಲೆಗಳಲ್ಲಿ ನಿರಪರಾಧಿ ಮುಸಲ್ಮಾನರ ಕೊಲೆಗಳೂ ನಡೆದುವೆಂದು ಸುಂದರಲಾಲ್ ಸಮಿತಿಯ ವರದಿ ಹೇಳುತ್ತದೆ. ಅದನ್ನು ರಕ್ಷಣೆಯೆನ್ನಲು ಶಾಸ್ತ್ರವೂ ಒಪ್ಪದು, ಶಾಸನವೂ ಒಪ್ಪದು, ಶರಣಧರ್ಮವಂತೂ ಒಪ್ಪದು. ಪ್ರಾಣ ಉಳಿಸಲು ಎತ್ತಿದ ಕೈಯನ್ನು ಪ್ರಾಣ ಉಳಿದೊಡನೆ ಇಳಿಸಬಲ್ಲವನೇ ನಿಜವಾದ ವೀರನು.