ಮದುಮಗಳ ಮುನ್ನಾದಿನ: ಬಳೆ, ಅರಿಶಿನ, ಸೋಬಾನೆ

ಮದುವೆಗೆ ಕೆಲವು ದಿನ ಮುಂಚೆ ಮದುಮಗಳನ್ನು ನಡುವೆ ಕೂರಿಸಿಕೊಂಡು ಹೆಂಗಸರಷ್ಟೇ ಸೇರಿ ನಕ್ಕು ನಲಿಯುವ ಕೂಟಕ್ಕೆ ಇಂಗ್ಲೆಂಡಿನಲ್ಲಿ ‘ಹೆನ್ ಪಾರ್ಟಿ’ ಎನ್ನುತ್ತಾರೆ. ಕನ್ನಡಿಸಿದರೆ ಹೇಂಟೆಗಳ ಕೂಟ! ಹತ್ತೊಂಬತ್ತನೆಯ ಶತಮಾನದಲ್ಲಿ ಆ ಮಾತಿಗೆ ಹೆಂಗಸರೇ ಸೇರುವ ಕೂಟ ಎಂಬಷ್ಟೇ ಅರ್ಥವಿತ್ತು. ಮದುಮಗಳ ನಂಟು ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡದ್ದು 1970ರ ದಶಕದಿಂದ ಈಚೆಗೆ. ಅಮೆರಿಕದವರು ಇದನ್ನೇ ‘ಬ್ಯಾಚಲರೆಟ್ ಪಾರ್ಟಿ’ ಎಂದರು. ಬೆಂಗಳೂರಿನ ಹುಡುಗಿಯರ ಜೊತೆಗೆ ಈ ಪದ್ಧತಿ ಮೈಸೂರು ರಸ್ತೆಯ ರೆಸಾರ್ಟುಗಳವರೆಗೂ ಬಂದಿದೆ.

ಆದರೆ ಅದೇ ರಸ್ತೆಯ ಆಸುಪಾಸಿನ ಹಳ್ಳಿಗಳಿಗೆ ಹೆಂಗಸರ ಈ ದಿನ ಹೊಸದೇನಲ್ಲ. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಸೀಮೆಯಲ್ಲಿ ಮದುವೆಯ ಮುನ್ನಾದಿನವನ್ನು ‘ಚಪ್ಪರದ ದಿನ’ ಎನ್ನುವುದು ರೂಢಿ. ತೆಂಗಿನ ಗರಿಯ ಚಪ್ಪರ ಏಳುವುದು ಗಂಡಸರ ಕೈಯಲ್ಲಿ. ಅತ್ತಿಯಂಥ ಹಾಲು ಬರುವ ಮರದ ಕೊಂಬೆಯನ್ನು ತಂದು ಹಾಲುಗಂಬ ನೆಡುವುದು ಸೋದರಮಾವನ ಹಕ್ಕು. ಅಲ್ಲಿಗೆ ಗಂಡಸರ ಪಾಲು ಬಹುಮಟ್ಟಿಗೆ ಮುಗಿಯಿತು. ಅನಂತರದ ಅರಿಶಿನ, ಎಣ್ಣೆ, ಬಳೆ, ಹಸೆ, ಹಾಡು ಎಲ್ಲವೂ ಹೆಂಗಸರದು.

ಇದಕ್ಕೆ ಬೇಕಾದ ತಯಾರಿ ಕಡಿಮೆಯದಲ್ಲ. ಐವರು ಮುತ್ತೈದೆಯರು ಸೇರಿ ಒರಳು, ಒನಕೆಗಳಿಗೆ ಪೂಜೆ ಮಾಡಿ ಅರಿಶಿನದ ಕೊನೆ ಕುಟ್ಟುವುದರಿಂದ ಕೆಲಸ ಆರಂಭ. ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ ಕರೆಯುವುದು ಇನ್ನೊಂದು ಕೆಲಸ. ಇಲ್ಲಿ ಎಚ್ಚರ ತಪ್ಪುವಂತಿಲ್ಲ. ‘ಬಳೆ ಇಡಿಸ್ಕೊಳೋಕೆ ನಮ್ಮನ್ಯಾರು ಕರೆದ್ರವ್ವ’ ಎಂಬ ಮಾತು ಒಮ್ಮೆ ಹುಟ್ಟಿದರೆ ಮೊಮ್ಮಕ್ಕಳ ಮದುವೆವರೆಗೂ ಅದು ಉಳಿಯುತ್ತದೆ. ಬಳೆಯ ಲೆಕ್ಕವೂ ಹಗುರವಲ್ಲ. ಮದುಮಗಳಿಗೆ ಮಾತ್ರವಲ್ಲ, ಬಂದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಮದುವೆ ಮನೆಯ ಖರ್ಚಿನಲ್ಲೇ ಬಳೆ. ಎಷ್ಟು ಡಜನ್, ಯಾವ ಅಳತೆ ಎಂಬುದನ್ನು ಮೊದಲೇ ಅಂದಾಜು ಮಾಡಬೇಕು. ಚನ್ನಪಟ್ಟಣದ ಪೇಟೆಯಲ್ಲಿ ಅರಗಿನ ಬಣ್ಣ ಹಚ್ಚಿದ ಮರದ ಬಳೆಗಳಿಗೇನೂ ಕೊರತೆಯಿಲ್ಲ. ಊರಿನ ಹೆಸರೇ ಬಣ್ಣದ ಬೊಂಬೆಗಳಿಂದ ಲೋಕಕ್ಕೆ ಗೊತ್ತು. ಆದರೂ ಮದುಮಗಳ ಕೈಗೆ ಗಾಜಿನ ಹಸಿರು ಬಳೆಯೇ ಆಗಬೇಕು.

ಎಣ್ಣೆ ಹಚ್ಚುವಾಗ ಒಂದು ಪದ, ಹಸೆಗೆ ಕರೆಯುವಾಗ ಒಂದು ಪದ, ಹೆಣ್ಣು ಒಪ್ಪಿಸುವಾಗ ಇನ್ನೊಂದು. ಇವೆಲ್ಲ ಸೋಬಾನೆ ಪದಗಳು. ‘ಶೋಭನ’ ಎಂಬ ಸಂಸ್ಕೃತದ ಮಾತು ಹಳ್ಳಿಯ ಬಾಯಲ್ಲಿ ಹೀಗಾಗಿದೆ. ಹದಿನಾರನೆಯ ಶತಮಾನದ ವಾದಿರಾಜರು ರಚಿಸಿದ ‘ಲಕ್ಷ್ಮೀ ಶೋಭಾನೆ’ಯನ್ನು ಮಾಧ್ವರ ಮನೆಗಳಲ್ಲಿ ಇಂದಿಗೂ ಹಾಡುವುದುಂಟು. ಹಳ್ಳಿಯ ಸೋಬಾನೆಗೆ ಕರ್ತೃವಿನ ಹೆಸರಿಲ್ಲ. ಒಬ್ಬಳು ಪದ ಎತ್ತುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಇವುಗಳಲ್ಲಿ ಬಹಳ ಚುರುಕಾದವು ಬೀಗರನ್ನು ಹಂಗಿಸುವ ಪದಗಳು. ಗಂಡಿನ ತಾಯಿಯ ಜಿಪುಣತನ, ಬೀಗರ ಹೊಟ್ಟೆಬಾಕತನ, ಗಂಡಿನ ರೂಪ ಯಾವುದನ್ನೂ ಅವು ಬಿಡುವುದಿಲ್ಲ. ಬೇರೆ ದಿನ ಆಡಿದರೆ ಜಗಳವಾಗುವಂಥ ಮಾತು ಆ ದಿನ ಹಾಡಾಗಿ ಬಂದರೆ ಯಾರೂ ಸಿಟ್ಟಾಗುವಂತಿಲ್ಲ. ಹೊಸಕಾಲದ ಪಾರ್ಟಿಯ ಪೋಲಿ ಆಟಗಳನ್ನು ಕಂಡು ಮೂಗುಮುರಿಯುವವರು ಈ ಪದಗಳನ್ನು ಒಮ್ಮೆ ಕೇಳಿಸಿಕೊಳ್ಳುವುದು ಒಳ್ಳೆಯದು.

ಈ ಹಾಡುಗಳು ಬರಹಕ್ಕೆ ಬಂದದ್ದು ಈಚೆಗೆ. ಉತ್ತರದಲ್ಲಿ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಹಳೆ ಮೈಸೂರಿನ ಪದಗಳಿಗಾಗಿ ಬಹುವಾಗಿ ಓಡಾಡಿದವರು ಎಚ್.ಎಲ್. ನಾಗೇಗೌಡರು. ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂಬ ಅವರ ಸಂಗ್ರಹಕ್ಕೆ ಹಾಡಿದವಳ ಹೆಸರೇ ಶೀರ್ಷಿಕೆ. ಒಬ್ಬ ಹೆಂಗಸಿನ ನೆನಪಿನಲ್ಲಿ ಒಂದು ಇಡೀ ಪುಸ್ತಕವಿತ್ತು! ಅವರೇ ಕಟ್ಟಿದ ಜಾನಪದ ಲೋಕ 1994ರಲ್ಲಿ ರಾಮನಗರದ ಬಳಿ, ಅದೇ ಮೈಸೂರು ರಸ್ತೆಯಲ್ಲಿ ಆರಂಭವಾಯಿತು.

ಇಷ್ಟೆಲ್ಲ ಸಡಗರದ ನಡುವೆ ಮದುಮಗಳ ಮಾತು ಎಲ್ಲಿತ್ತು? ಹಳೆಯ ಪದ್ಧತಿಯನ್ನು ಹೊಗಳುವವರು ಸಾಮಾನ್ಯವಾಗಿ ಮರೆಯುವ ಸಂಗತಿ ಇದು. ಹಸೆಯ ಮೇಲೆ ತಲೆತಗ್ಗಿಸಿ ಕೂತವಳು ಎಷ್ಟೋ ಸಲ ಇನ್ನೂ ಮಗು. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹದ ವಿರುದ್ಧ ಶಾಸನ ತಂದಾಗ ಅದು ತಡೆದದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು, ಜೊತೆಗೆ ಐವತ್ತು ದಾಟಿದ ಗಂಡಸರು ಹದಿನಾಲ್ಕರೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನು. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ ಎನಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಹೆಣ್ಣಿನ ವಯಸ್ಸನ್ನು 14ಕ್ಕೆ ನಿಗದಿ ಮಾಡಿತು. ಅದು 18ಕ್ಕೆ ಏರಿದ್ದು 1978ರ ತಿದ್ದುಪಡಿಯಿಂದ. ಹತ್ತು ಹನ್ನೆರಡು ವರ್ಷದ ಹುಡುಗಿಯನ್ನು ‘ನಿನ್ನ ಕೂಟಕ್ಕೆ ಯಾರನ್ನು ಕರೆಯೋಣ’ ಎಂದು ಯಾರು ಕೇಳಿಯಾರು? ಮಾವ, ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರ ಹಕ್ಕುಗಳೇ ಕಾರ್ಯಕ್ರಮವನ್ನು ನಿರ್ಧರಿಸುತ್ತಿದ್ದವು. ನಾಳೆ ಅತ್ತೆಮನೆಗೆ ಹೋಗುವ ಮಗುವಿನ ಅಳುವನ್ನು ಮರೆಸುವುದೂ ಆ ಹಾಡುಗಳ ಕೆಲಸವಾಗಿತ್ತು.

ಇನ್ನೊಂದು ಕಹಿಯೂ ಇತ್ತು. ಗಂಡ ತೀರಿಕೊಂಡವಳು ಅರಿಶಿನದ ಬಟ್ಟಲು ಮುಟ್ಟುವಂತಿರಲಿಲ್ಲ. ಬಳೆಗಾರನ ಮುಂದೆ ಕೈಚಾಚುವಂತಿರಲಿಲ್ಲ. ಊರಿಗೆಲ್ಲ ಪದ ಕಲಿಸಿದ ಅಜ್ಜಿಯಾದರೂ ಅಷ್ಟೆ. ಮರುಮದುವೆಗೆ ಅವಕಾಶವಿದ್ದ ಜಾತಿಗಳಲ್ಲೂ ‘ಕೂಡಿಕೆ’ಯಾದ ಹೆಂಗಸನ್ನು ಐವರು ಮುತ್ತೈದೆಯರ ಸಾಲಿಗೆ ಸೇರಿಸದೆ ಇರುವುದು ವಾಡಿಕೆಯಾಗಿತ್ತು. ಎಚ್.ವಿ. ನಂಜುಂಡಯ್ಯನವರು ಆರಂಭಿಸಿದ, ಅವರ ನಿಧನದ ನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದ ಮೈಸೂರಿನ ಜಾತಿ-ಬುಡಕಟ್ಟುಗಳ ಸಂಪುಟಗಳು (1928ರಿಂದ 1935), ಎಂ.ಎನ್. ಶ್ರೀನಿವಾಸರು 1942ರಲ್ಲಿ ಮೈಸೂರಿನ ಮದುವೆ-ಕುಟುಂಬಗಳ ಬಗ್ಗೆ ಪ್ರಕಟಿಸಿದ ಪುಸ್ತಕ ಇವುಗಳನ್ನು ತಿರುವಿದರೆ ಮದುವೆಯ ಶಾಸ್ತ್ರಗಳು ಎಷ್ಟು ಸೂಕ್ಷ್ಮವಾಗಿ ಜನರನ್ನು ಒಳಗೆ, ಹೊರಗೆ ಎಂದು ವಿಂಗಡಿಸುತ್ತಿದ್ದವೆಂಬುದು ಕಾಣುತ್ತದೆ.

ಹೆಂಗಸರ ಈ ದಿನ ಕುಗ್ಗಿದ್ದಕ್ಕೆ ಪರದೇಶದ ಪಾರ್ಟಿಯನ್ನು ದೂರಿ ಫಲವಿಲ್ಲ. ಅದಕ್ಕೂ ಮೊದಲೇ ಕಲ್ಯಾಣ ಮಂಟಪ ಬಂತು. ಬಾಡಿಗೆಯ ಲೆಕ್ಕ ಗಂಟೆಗಳಲ್ಲಿ ನಡೆಯುವಾಗ ಮೂರು ದಿನದ ಮದುವೆ ಒಂದೂವರೆ ದಿನಕ್ಕಿಳಿಯಿತು. ಬೆಂಗಳೂರು-ಮೈಸೂರು ಸೀಮೆಯಲ್ಲಿ ಮುಹೂರ್ತದ ಹಿಂದಿನ ಸಂಜೆಯೇ ಆರತಕ್ಷತೆ ಇಡುವುದು ರೂಢಿಯಾಯಿತು. ಸೋಬಾನೆಗೆ ಮೀಸಲಾಗಿದ್ದ ಆ ಸಂಜೆಯಲ್ಲಿ ಮದುಮಗಳು ವೇದಿಕೆಯ ಮೇಲೆ ನಿಂತು ಪರಿಚಯವಿಲ್ಲದ ನೂರಾರು ಜನರಿಗೆ ಕೈಮುಗಿಯತೊಡಗಿದಳು. ಹಾಡುವವರ ಜಾಗಕ್ಕೆ ಆರ್ಕೆಸ್ಟ್ರಾ ಬಂತು. 1990ರ ದಶಕದ ಹಿಂದಿ ಸಿನಿಮಾಗಳು ಮೆಹಂದಿ, ಸಂಗೀತ್‌ಗಳನ್ನು ಮನೆಮನೆಗೆ ಪರಿಚಯಿಸಿದವು. ನಮ್ಮ ಅರಿಶಿನದ ಶಾಸ್ತ್ರವೇ ಈಗ ‘ಹಳದಿ’ ಎಂಬ ಹೆಸರು ಹೊತ್ತು, ಎಲ್ಲರಿಗೂ ಒಂದೇ ಬಣ್ಣದ ಉಡುಪು ತೊಡಿಸಿ ಮರಳಿ ಬಂದಿದೆ.

ಹೊಸ ಕೂಟದ ಯೋಜನೆ ಗೆಳತಿಯರದು. ಪಟ್ಟಿ ಮಾಡುವವಳು ಬಹುಪಾಲು ಮದುಮಗಳೇ. ಓದಿದ, ದುಡಿಯುವ, ಇಪ್ಪತ್ತೈದರ ಹುಡುಗಿಗೆ ಆ ಹಕ್ಕು ಸುಮ್ಮನೆ ಸಿಕ್ಕದ್ದಲ್ಲ. ಆದರೆ ಅವಳ ಪಟ್ಟಿಯಲ್ಲಿ ಸೋದರತ್ತೆಗಾಗಲಿ ಪಕ್ಕದ ಮನೆಯ ಅಜ್ಜಿಗಾಗಲಿ ಜಾಗವಿಲ್ಲ. ಅವರ ಜೊತೆಗೆ ಪದಗಳಿಗೂ ಇಲ್ಲ. ಎರಡನ್ನೂ ಹೊಂದಿಸುವವರೂ ಇದ್ದಾರೆ. ಮುಹೂರ್ತಕ್ಕೆ ವಾರ ಮೊದಲು, ಗೆಳತಿಯರಿಗೆ ರಜೆಯಿರುವ ಭಾನುವಾರ ನೋಡಿ, ಮನೆಯಂಗಳದಲ್ಲೇ ಬಳೆ ಶಾಸ್ತ್ರ ಇಟ್ಟುಕೊಳ್ಳುವುದು ಒಂದು ದಾರಿ. ಗಂಡನಿಲ್ಲದ ತಾಯಿಯ ಕೈಯಿಂದಲೇ ಮೊದಲ ಅರಿಶಿನ ಹಚ್ಚಿಸಿಕೊಳ್ಳುತ್ತೇನೆಂದು ಹಟ ಹಿಡಿಯುವ ಹೆಣ್ಣುಮಕ್ಕಳೂ ಈಗ ಅಲ್ಲಲ್ಲಿ ಸಿಗುತ್ತಾರೆ. ಅಂಥ ಮನೆಗಳಲ್ಲಿ ಬಳೆಯ ಲೆಕ್ಕಕ್ಕೆ ಒಂದೆರಡು ಡಜನ್ ಹೆಚ್ಚಿಗೆ ಸೇರಿಸಬೇಕಾಗುತ್ತದೆ.